ರಜೆಗೆ ಹೋಗುವ ಮನೆ

ಕಚೇರಿಗಳಲ್ಲಿ ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡುವುದರಲ್ಲಿ ದೊಡ್ಡಮ್ಮನದು ಎತ್ತಿದ ಕೈ. ಮಕ್ಕಳ ಪಾಲನೆಯ ಇಲಾಖೆಯವರು ತಂದುಬಿಡುವ ಮಕ್ಕಳನ್ನು ಮನೆಯಲ್ಲಿಟ್ಟುಕೊಂಡು ಸಾಕುವುದು ಅವಳ ಕೆಲಸ. ಹೆತ್ತವರಿಲ್ಲದ ಮಕ್ಕಳು, ಹೆತ್ತವರಿದ್ದೂ ಅವರ ಜೊತೆ ಇರಲಾಗದ ಮಕ್ಕಳು. ಒಬ್ಬರು ಹೋದರೆ ಇನ್ನೊಬ್ಬರು. ಇಷ್ಟು ವರ್ಷಗಳಲ್ಲಿ ಅವಳು ಹತ್ತದ ಕಚೇರಿಯ ಮೆಟ್ಟಿಲಿಲ್ಲ. ಶಾಲೆಗೆ, ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ಕನ್ನಡಕಕ್ಕೆ, ವಕ್ರ ಹಲ್ಲಿಗೆ ತಂತಿ ಕಟ್ಟಿಸುವುದಕ್ಕೆ, ಎಲ್ಲದಕ್ಕೂ ಯಾರೋ ಒಬ್ಬರ ಮೇಜಿನ ಮುಂದೆ ಕೂರಬೇಕಿತ್ತು. ಹೋಗುವ ಹಿಂದಿನ ದಿನ ಅಡುಗೆಮನೆಯಲ್ಲಿ ಮಗುವನ್ನು ಎದುರಿಗೆ ಕೂರಿಸಿಕೊಂಡು ತಾಲೀಮು ನಡೆಸುತ್ತಿದ್ದಳು.

"ಜಾಸ್ತಿ ನಗಬೇಡ, ಇವಳಿಗೇನೂ ಬೇಕಾಗಿಲ್ಲ ಅಂದ್ಕೋತಾರೆ. ಹಾಗಂತ ಅಳೋದೂ ಬೇಡ, ಡಾಕ್ಟರ ಹತ್ರ ಕಳಿಸ್ತಾರೆ. ಇದೆಯಾ ಅಂತ ಕೇಳಿದ್ರೆ ಇಲ್ಲ ಅನ್ನು. ಇದೆ ಅಂದವರಿಗೆ ಯಾರೂ ಏನೂ ಕೊಡಲ್ಲ."

ಅವಳ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತನಾದವನು. ಬಾಗಿಲಲ್ಲಿ ನಿಂತು ಇದನ್ನೆಲ್ಲ ಕೇಳಿಸಿಕೊಂಡು, "ನಿನ್ನನ್ನ ಮಂತ್ರಿ ಮಾಡಬೇಕಿತ್ತು ಕಣೆ. ದೇಶದಲ್ಲಿ ಏನೂ ಇಲ್ಲ ಅಂತ ಹೇಳಿ ಹೇಳಿ ಹೊರಗಿಂದ ಎಲ್ಲಾ ತರಿಸಿಬಿಡ್ತಿದ್ದೆ" ಎನ್ನುತ್ತಿದ್ದ.

ದೊಡ್ಡಮ್ಮ ಎಂಬ ಹೆಸರನ್ನು ಅವಳಿಗೆ ಕೊಟ್ಟದ್ದು ಈಗ ಮನೆಯಲ್ಲಿದ್ದ ಹುಡುಗಿಯೇ. ಬಂದಾಗ ಅವಳಿಗೆ ಹನ್ನೊಂದು ವರ್ಷ. ಚಪ್ಪಲಿ ಬಿಡುವ ಮೊದಲು ಮನೆಯ ಕಪಾಟುಗಳನ್ನೆಲ್ಲ ತೆರೆದು ನೋಡಿದಳು, ಫ್ರಿಜ್ಜಿನ ಬಾಗಿಲು ತೆಗೆದು ಮೂಸಿದಳು, ಬಚ್ಚಲಿನ ಚಿಲಕ ಹಾಕಿ ತೆಗೆದು ಪರೀಕ್ಷಿಸಿದಳು. ಗಂಡ ಅಲ್ಲೇ ಅವಳಿಗೆ 'ಇನ್ಸ್‌ಪೆಕ್ಟ್ರು' ಎಂದು ಹೆಸರಿಟ್ಟ. ಇನ್ಸ್‌ಪೆಕ್ಟ್ರು ಪರಿಶೀಲನೆ ಮುಗಿಸಿ ಅಡುಗೆಮನೆಗೆ ಬಂದು ತೀರ್ಪು ಹೇಳಿದರು: "ಅಮ್ಮ ಅನ್ನೋಕಾಗಲ್ಲ, ನನಗೆ ಅಮ್ಮ ಇದ್ದಾಳೆ. ಆಂಟಿ ಅಂದ್ರೆ ಪಕ್ಕದ ಮನೆಯವರು. ದೊಡ್ಡಮ್ಮ ಅಂತೀನಿ." ಅವಳ ಗಂಡ ದೊಡ್ಡಪ್ಪನಾದ. ಬೀದಿಯ ಚಿಕ್ಕ ಮಕ್ಕಳೂ ಅದನ್ನೇ ಕಲಿತರು. ಈಗ ಕೆಳಗಿನ ಇಸ್ತ್ರಿ ಅಂಗಡಿಯವನೂ ಹಾಗೇ ಕರೆಯುತ್ತಿದ್ದ.

ಆ ಹುಡುಗಿಗೆ ಈಗ ಹದಿನೆಂಟು ತುಂಬುತ್ತಿತ್ತು. ಹದಿನೆಂಟು ತುಂಬಿದವರನ್ನು ಇಲಾಖೆ ತನ್ನ ಪಾಲನೆಯಿಂದ ಬಿಡುತ್ತದೆ. ಕೋಣೆ ಮುಂದಿನ ಮಗುವಿಗೆ. ಅಜ್ಜಿ ತೀರಿಕೊಂಡ ಮೇಲೆ ಯಾರೂ ಇಲ್ಲದಂತಾದ ಒಂದು ಆರು ವರ್ಷದ ಮಗು ಈಗಾಗಲೇ ತಾತ್ಕಾಲಿಕ ಆಶ್ರಯದಲ್ಲಿ ಕಾಯುತ್ತಿದೆ ಎಂದು ಇಲಾಖೆಯ ಮೇಡಂ ಫೋನು ಮಾಡಿದ್ದರು. ದೊಡ್ಡಮ್ಮ "ಆಗಲಿ" ಎಂದಿದ್ದಳು. ಅವಳದೊಂದು ಕ್ರಮವಿತ್ತು. ಮಗು ಹೋದ ದಿನವೇ ಕೋಣೆ ಗುಡಿಸಿ, ಹಾಸಿಗೆಯ ಹೊದಿಕೆ ಬದಲಿಸಿ, ಕಿಟಕಿ ತೆರೆದಿಡುವುದು. ಒಂದು ದಿನ ತಡಮಾಡಿದರೆ ಕೈ ಏಳುವುದಿಲ್ಲ ಎಂದು ಮೊದಲ ಮಗು ಹೋದಾಗಲೇ ಅವಳಿಗೆ ತಿಳಿದಿತ್ತು.

ಹುಡುಗಿಗೆ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನಕ್ಕೆ ಸೀಟು ಸಿಕ್ಕಿತ್ತು. "ಇಷ್ಟು ಓದಿ ಕಡೆಗೆ ಕಲ್ಲು ಹೊರೋದಕ್ಕೆ ಹೋಗ್ತಾಳೆ" ಎಂದು ದೊಡ್ಡಪ್ಪ ಸಿಕ್ಕಿದವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಹೇಳುವಾಗ ಮೀಸೆ ಮಾತ್ರ ಮೇಲಾಗಿರುತ್ತಿತ್ತು. ಸಾಕುಮನೆಗಳಲ್ಲಿ, ಅನಾಥಾಲಯಗಳಲ್ಲಿ ಬೆಳೆದವರಿಗಾಗಿ ವಿಶ್ವವಿದ್ಯಾಲಯ ಪ್ರವೇಶಕ್ಕೆ ಮೊದಲು ಒಂದು ಭೇಟಿಯ ದಿನ ಇಡುತ್ತಿತ್ತು. ಜೊತೆಗೆ ಒಬ್ಬರನ್ನು ಕರೆತರಬಹುದು.

"ನೀನೇ ಬಾ" ಎಂದಳು ಹುಡುಗಿ. "ದೊಡ್ಡಪ್ಪ ಬಂದ್ರೆ ಅಲ್ಲಿನ ಬಸ್ಸಿನ ಕೆಳಗೆ ಮಲಗಿಬಿಡ್ತಾರೆ."

ಹಿಂದಿನ ದಿನ ತಾಲೀಮು ನಡೆಯಲಿಲ್ಲ. ಹುಡುಗಿ ದೊಡ್ಡವಳಾದಳು, ಇನ್ನೇನು ಹೇಳಿಕೊಡುವುದು ಎಂದು ದೊಡ್ಡಮ್ಮ ಸುಮ್ಮನಾದಳು.

ಸಹಾಯ ಕೇಂದ್ರ ಗ್ರಂಥಾಲಯದ ಹಿಂದೆ, ನೆಲಮಹಡಿಯಲ್ಲಿತ್ತು. ಒಂದಕ್ಕೊಂದು ಹೊಂದದ ಕುರ್ಚಿಗಳು, ಕಿಟಕಿಯ ಕೆಳಗೆ ನೀರಿನ ಹೂಜಿ, ಗೋಡೆಗೆ ಕಟ್ಟಡಗಳ ನಕ್ಷೆ. ಅಲ್ಲಿನ ಮೇಡಂ ಮೂವತ್ತು ದಾಟಿದವಳು, ಗಿಡ್ಡ ಕೂದಲು, ಕೊರಳಿಗೆ ಬೀಗದಕೈಗಳ ಗೊಂಚಲು. ಅವಳು ಮೇಜಿನ ಆಚೆ ಕೂರದೆ ಕುರ್ಚಿ ಎಳೆದುಕೊಂಡು ಇವರ ಪಕ್ಕ ಬಂದು ಕೂತದ್ದು ದೊಡ್ಡಮ್ಮನಿಗೆ ಸ್ವಲ್ಪ ಇರುಸುಮುರುಸಾಯಿತು. ಎದುರಿಗೆ ಮೇಜಿದ್ದರೆ ಅವಳಿಗೆ ಮಾತು ಸಲೀಸು.

ಮೇಡಂ ಹುಡುಗಿಯನ್ನೇ ನೋಡಿ ಮಾತಾಡಿದಳು. "ಇಲ್ಲಿ ನಿನಗೆ ಯಾವ ತೊಂದರೆ ಬಂದರೂ ಹತ್ತು ಕಡೆ ಅಲೀಬೇಡ. ನನ್ನ ಹತ್ರ ಬಾ. ಒಂದು ಸಲ ನನಗೆ ಹೇಳಿದ ಕಥೆಯನ್ನ ಇನ್ನೊಬ್ಬರ ಮುಂದೆ ಮತ್ತೆ ಹೇಳಬೇಕಾಗಿಲ್ಲ. ನೀನು ಎಲ್ಲಿ ಬೆಳೆದೆ ಅನ್ನೋದು ನಿನ್ನ ತರಗತಿಯವರಿಗೆ ಗೊತ್ತಾಗಬೇಕೋ ಬೇಡವೋ, ಅದು ನಿನ್ನಿಷ್ಟ."

"ಮೇಷ್ಟ್ರಿಗೆ?" ಎಂದಳು ಹುಡುಗಿ.

"ಅವರಿಗೂ ಹೇಳಲ್ಲ."

"ಹೊಟ್ಟೆನೋವು ಅಂದ್ರೆ ಹೊಟ್ಟೆನೋವು ಅಂತಲೇ ನಂಬ್ತೀರಾ? ಇಲ್ಲಾ, ಹಿಂದೆ ಏನೋ ಆಗಿದೆ, ಅದಕ್ಕೇ ಹೀಗೆ ಅಂತ ಶುರು ಮಾಡ್ತೀರಾ?"

ಮೇಡಂ ನಕ್ಕಳು. "ಮಾತ್ರೆ ಕೊಡ್ತೀನಿ."

ಹುಡುಗಿ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. ಅವಳು ಹಾಗೆ ಒರಗಿದರೆ ಒಪ್ಪಿಗೆಯೆಂದು ಅರ್ಥ, ದೊಡ್ಡಮ್ಮನಿಗೆ ಗೊತ್ತು.

"ಇನ್ನು ರೂಮಿನ ವಿಷಯ" ಎಂದು ಮೇಡಂ ದೊಡ್ಡಮ್ಮನ ಕಡೆ ತಿರುಗಿದಳು. "ರಜೆ ಬಂದ್ರೆ ಹಾಸ್ಟೆಲ್ ಮುಚ್ತೀವಿ. ಒಂದು ಅಂತಸ್ತು ಮಾತ್ರ ವರ್ಷಪೂರ್ತಿ ತೆರೆದಿರುತ್ತೆ. ಅಲ್ಲಿ ರೂಮು ಕಡಿಮೆ, ಹೋಗೋಕೆ ಎಲ್ಲೂ ಇಲ್ಲದವರಿಗೆ ಅಂತ ಇಟ್ಟಿರೋದು. ನೋಡಿಕೊಂಡವರನ್ನ ಕೇಳಬೇಕು ಅಂತ ನಿಯಮ, ತಪ್ಪು ತಿಳೀಬೇಡಿ. ಇವಳಿಗೆ ರಜೆಗೆ ಹೋಗೋಕೆ ಮನೆ ಇದೆಯಾ?"

"ಇಲ್ಲ" ಎಂದಳು ದೊಡ್ಡಮ್ಮ.

ಕಡ್ಡಿ ಮುರಿದ ಹಾಗೆ ಬಂದಿತ್ತು ಉತ್ತರ. ಮೇಡಂ ಪ್ರಶ್ನೆಯ ಕೊನೆಯ ಅಕ್ಷರವನ್ನು ಬಾಯಿಂದ ಬಿಟ್ಟಿದ್ದಳೋ ಇಲ್ಲವೋ. ವರ್ಷಗಟ್ಟಲೆ ಪಳಗಿದ ನಾಲಿಗೆ ಅದು. ಇದೆಯಾ ಎಂದರೆ ಇಲ್ಲ. ಒಳ್ಳೆಯ ರೂಮು, ವರ್ಷಪೂರ್ತಿ ತೆರೆದಿರುವ ರೂಮು, ಅದನ್ನು ಕೈತಪ್ಪಿ ಹೋಗಲು ಬಿಡುವುದುಂಟೆ? ಮೇಡಂ ತಲೆಯಾಡಿಸಿ ಗುರುತು ಹಾಕಿಕೊಂಡಳು. "ಹಾಗಾದ್ರೆ ರೂಮು ಸಿಕ್ಕ ಹಾಗೇ" ಎಂದಳು. ಕೆಲಸವಾಯಿತು ಎಂಬ ನೆಮ್ಮದಿಯಲ್ಲಿ ದೊಡ್ಡಮ್ಮ ಪಕ್ಕಕ್ಕೆ ತಿರುಗಿದಳು. ಹುಡುಗಿ ನೆಟ್ಟಗೆ ಕೂತಿದ್ದಳು.

ರೂಮು ನೋಡಲು ಮೇಡಂ ಇಬ್ಬರನ್ನೂ ಎರಡನೆಯ ಅಂತಸ್ತಿಗೆ ಕರೆದುಕೊಂಡು ಹೋದಳು. ಒಂದು ಮಂಚ, ಓದುವ ಮೇಜು, ಗೋಡೆಗೆ ಹೂತ ಕಪಾಟು, ಕಾರು ನಿಲ್ಲಿಸುವ ಜಾಗಕ್ಕೆ ಮುಖ ಮಾಡಿದ ಕಿಟಕಿ. ಕಾರಿಡಾರಿನ ಕೊನೆಗೆ ಹಂಚಿಕೊಂಡು ಬಳಸುವ ಅಡುಗೆಕೋಣೆ. ಒಲೆಯ ಮೇಲೆ ಯಾರದೋ ತೊಳೆಯದ ಪಾತ್ರೆ. ದೊಡ್ಡಮ್ಮ ಹಾಸಿಗೆ ಒತ್ತಿ ನೋಡಿದಳು, ಕಿಟಕಿಯ ಚಿಲಕ ನೋಡಿದಳು, ನಲ್ಲಿ ತಿರುಗಿಸಿದಳು. ಇದನ್ನೆಲ್ಲ ತಾನೊಬ್ಬಳೇ ಮಾಡುತ್ತಿದ್ದೇನೆ ಎಂದು ಅರಿವಾದದ್ದು ನಲ್ಲಿ ನಿಲ್ಲಿಸುವಾಗ. ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ಕಪಾಟು ತೆರೆದಿರಲಿಲ್ಲ.

"ಹೇಗಿದೆ?" ಎಂದಳು ಮೇಡಂ.

"ಚೆನ್ನಾಗಿದೆ. ಥ್ಯಾಂಕ್ಸ್" ಎಂದಳು ಹುಡುಗಿ, ಯಾರದೋ ಮದುವೆಗೆ ಹೋಗಿ ಊಟದ ಬಗ್ಗೆ ಹೇಳುವವರ ಹಾಗೆ.

ಊಟದ ಹೊತ್ತಿಗೆ ಕ್ಯಾಂಟೀನು ಗಿಜಿಗುಡುತ್ತಿತ್ತು. ಮೂಲೆಯಲ್ಲಿ ಎರಡು ಕುರ್ಚಿ ಸಿಕ್ಕವು. ದೊಡ್ಡಮ್ಮ ಟೀ ತಂದಿಟ್ಟಳು. ಮಧ್ಯಾಹ್ನ ಭೂವಿಜ್ಞಾನ ವಿಭಾಗದವರು ಹೊಸಬರಿಗೆ ತಮ್ಮ ಪ್ರಯೋಗಾಲಯ ತೋರಿಸುವುದಿತ್ತು. ಹುಡುಗಿ ಎರಡು ವಾರದಿಂದ ಅದರದೇ ಮಾತಾಡುತ್ತಿದ್ದಳು.

"ಬೇಗ ತಿನ್ನು, ನಿನ್ನ ಕಲ್ಲುಗಳು ಕಾಯ್ತಿರುತ್ತೆ."

"ನೀವು ಊಟ ಮಾಡಿ. ನನಗೆ ಬೇಡ" ಎಂದಳು ಹುಡುಗಿ.

ನೀವು. ದೊಡ್ಡಮ್ಮ ಲೋಟ ಕೆಳಗಿಟ್ಟಳು. ಏಳು ವರ್ಷದಲ್ಲಿ ಆ ಬಾಯಿಂದ ಬಂದಿರದ ಬಹುವಚನ.

"ಏನಾಯ್ತೇ?"

"ಏನಿಲ್ಲ. ಕಲ್ಲು ಗಿಲ್ಲು ಬೇಡ ಅನ್ಸುತ್ತೆ. ಊರಲ್ಲೇ ಸೂಪರ್‌ಮಾರ್ಕೆಟ್ಟಲ್ಲಿ ಕೆಲಸಕ್ಕೆ ಕೇಳಿದ್ರು. ಹತ್ರದಲ್ಲೇ ಎಲ್ಲಾದ್ರೂ ರೂಮು ಹಿಡ್ಕೊಂಡು ಇರ್ತೀನಿ."

"ನಿನಗೇನು ತಲೆ ಕೆಟ್ಟಿದೆಯಾ? ಈ ಸೀಟಿಗೆ ನೀನು ಪಟ್ಟ ಪಾಡು—"

"ನಾನು ಪಟ್ಟದ್ದು ತಾನೆ. ಬಿಟ್ರೂ ನಾನೇ ಬಿಡೋದು."

ಪಕ್ಕದ ಮೇಜಿನವರು ಯಾವುದೋ ಪಂದ್ಯದ ಬಗ್ಗೆ ಜಗಳವಾಡುತ್ತಿದ್ದರು. ದೊಡ್ಡಮ್ಮ ಅವರ ಗದ್ದಲ ಇಳಿಯಲಿ ಎಂದು ಕಾದಳು. ಅವಳಿಗೆ ಗೊತ್ತಾಗಿತ್ತು. ಗೊತ್ತಾದದ್ದನ್ನು ಕೆದಕದೆ ಮುಚ್ಚಿಡಲು ಸಾಧ್ಯವೇ ಎಂದು ಒಂದು ಕ್ಷಣ ನೋಡಿದಳು. ಸಾಧ್ಯವಿರಲಿಲ್ಲ.

"ನಾನು ಹಾಗಂದದ್ದು ರೂಮಿಗೋಸ್ಕರ. ನಿನಗೆ ಗೊತ್ತಲ್ಲ, ಆಫೀಸಲ್ಲಿ ಹೇಗೆ ಮಾತಾಡ್ತೀವಿ ಅಂತ."

"ಗೊತ್ತು."

"ಮತ್ತೆ?"

"ಹಾಗಾದ್ರೆ ಇದೆಯಾ?"

ಈ ಹುಡುಗಿಯ ಹತ್ತಿರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡಿ ಯಾರೂ ಗೆದ್ದವರಿಲ್ಲ. ಆ ಕೋಣೆಗೆ ಆರು ವರ್ಷದ ಮಗು ಬರುತ್ತದೆ. ಇನ್ನೊಂದು ಕೋಣೆ ತಮ್ಮದು, ಆಮೇಲೆ ನಡುಮನೆ. ಇಲಾಖೆಯ ಮಗು ಇರುವ ಮನೆಯಲ್ಲಿ ಹದಿನೆಂಟು ದಾಟಿದ ಹೊರಗಿನವರು ರಾತ್ರಿ ತಂಗಬೇಕಾದರೆ ಪೊಲೀಸರ ಪರಿಶೀಲನೆಯಾಗಿ ಇಲಾಖೆ ಒಪ್ಪಬೇಕು. ಹೊರಗಿನವರು ಎಂದರೆ ನಿನ್ನೆಯವರೆಗೆ ಅದೇ ಮನೆಯಲ್ಲಿ ಬೆಳೆದವರೂ ಸೇರಿ.

"ನಾನು ಯೋಚನೆ ಮಾಡದೆ ಏನೂ ಹೇಳ್ತಿಲ್ಲ" ಎಂದಳು ಹುಡುಗಿ. "ಆ ಮಗು ಬರುತ್ತೆ, ಬರಬೇಕು. ನಾನು ಬಂದಾಗಲೂ ಯಾರೋ ಜಾಗ ಬಿಟ್ಟು ಹೋಗಿದ್ರು ತಾನೆ. ಅದಕ್ಕಲ್ಲ." ಅವಳು ಮೇಜಿನ ಮೇಲೆ ಚೆಲ್ಲಿದ್ದ ಟೀಯನ್ನು ಬೆರಳಿನಿಂದ ಅಂಚಿಗೆ ತಳ್ಳುತ್ತಿದ್ದಳು. "ಇಲ್ಲ ಅಂದದ್ದಕ್ಕಲ್ಲ. ಎಷ್ಟು ಬೇಗ ಅಂದೆ ನೀನು. ಒಂದ್ಸಲ ಉಗುಳು ನುಂಗಿದ್ರೂ ಸಾಕಿತ್ತು."

ದೊಡ್ಡಮ್ಮ ತನ್ನ ಲೋಟವನ್ನು ಆಚೆಗೆ ಸರಿಸಿದಳು.

"ದೂರ ಬಂದು ಕೂತ್ರೆ ನಾನು ಯಾರೂ ಅಲ್ಲ. ಊರಲ್ಲೇ ಇದ್ರೆ, ಈ ದಾರೀಲಿ ಹೋಗ್ತಿದ್ದೆ ಅಂತ ಭಾನುವಾರ ಬರಬಹುದು. ಟೀ ಕುಡಿಯೋಕೆ. ಅಷ್ಟೇ ಲೆಕ್ಕ."

ಹಾಗೆ 'ಈ ದಾರೀಲಿ ಹೋಗ್ತಿದ್ದೆ' ಎಂದು ಬಂದವನೊಬ್ಬನಿದ್ದ. ಹುಡುಗಿಗಿಂತ ಮೊದಲು ಆ ಕೋಣೆಯಲ್ಲಿದ್ದವನು. ಹೋಗಿ ಒಂದು ವರ್ಷದ ಮೇಲೆ ಬಂದಿದ್ದ. ಶೂ ಕಳಚಲೋ ಬೇಡವೋ ಎಂದು ಬಾಗಿಲಲ್ಲಿ ಅನುಮಾನಿಸಿ, ಕಡೆಗೆ ಕಳಚದೆ, ಕುರ್ಚಿಯ ಅಂಚಿನಲ್ಲಿ ಕೂತು ಟೀ ಕುಡಿದಿದ್ದ. ಈಗ ಬಂದಿರುವವಳು ಕಿಟಕಿಯ ಕಡೆ ತಲೆ ಹಾಕಿ ಮಲಗುತ್ತಾಳಾ ಎಂದು ಕೇಳಿದ್ದ. ಹೌದು ಎಂದಾಗ, "ಒಳ್ಳೇದು, ಗಾಳಿ ಬರುತ್ತೆ" ಎಂದು ಎದ್ದಿದ್ದ. ಮತ್ತೆ ಬರಲಿಲ್ಲ. ಅವನನ್ನು ತಂಗಲು ಹೇಳಬಹುದೇ ಎಂದು ಇಲಾಖೆಯನ್ನು ಕೇಳಬೇಕೆಂದು ದೊಡ್ಡಮ್ಮನಿಗೆ ಹೊಳೆದಿರಲಿಲ್ಲ. ಹೊಳೆದಿರಲಿಲ್ಲವೆಂದರೆ ಸುಳ್ಳು. ಕೇಳಿದರೆ ಬೇಕು ಎಂದಂತಾಗುತ್ತದೆ, ಬೇಕು ಎಂದರೆ ಮುಂದಿನ ಮಗುವನ್ನು ಸಾಕಲಾಗುವುದಿಲ್ಲ ಎಂದು ಅವಳು ಆ ಯೋಚನೆಯ ಬಾಯಿಗೆ ಬಟ್ಟೆ ತುರುಕಿದ್ದಳು. ಪ್ರತಿ ಮಗು ಹೊಸ್ತಿಲು ದಾಟಿ ಒಳಗೆ ಬಂದ ಗಳಿಗೆಯಿಂದಲೂ ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದ ಮಾತು ಒಂದೇ: ನನ್ನದಲ್ಲ, ನನ್ನದಲ್ಲ. ಉತ್ತರ ಅಷ್ಟು ಬೇಗ ಬಂದದ್ದು ರೂಮಿಗೋಸ್ಕರ ಮಾತ್ರವಲ್ಲ. ಅದು ಮೊದಲೇ ನಾಲಿಗೆಯ ತುದಿಯಲ್ಲಿತ್ತು.

ಇದನ್ನು ಹುಡುಗಿಗೆ ಹೇಳಲು ಅವಳಿಗೆ ಬರಲಿಲ್ಲ. ಹೇಳುವ ಜಾಗವೂ ಅದಲ್ಲ. ಪಕ್ಕದ ಮೇಜಿನ ಜಗಳದಲ್ಲಿ ಯಾರೋ ಗೆದ್ದು, ಉಳಿದವರು ಏಳುತ್ತ ಕುರ್ಚಿ ಎಳೆದಾಡುತ್ತಿದ್ದರು.

"ಏಳು" ಎಂದಳು ದೊಡ್ಡಮ್ಮ. "ಆ ಮೇಡಂ ಹತ್ರ ಹೋಗೋಣ."

"ಬೇಡ. ಹೇಳಿದ ಮಾತು ಬದಲಾಯಿಸಿದ್ರೆ ರೂಮು ಹೋಗುತ್ತೆ."

"ಓದೋದೇ ಇಲ್ಲ ಅಂತೀಯ, ರೂಮು ಯಾಕೆ ನಿನಗೆ? ಏಳು."

ಮೇಡಂ ಕಿಟಕಿಯ ಬಳಿ ನಿಂತು ಸೇಬು ತಿನ್ನುತ್ತಿದ್ದಳು. ಇವರನ್ನು ಕಂಡು ಅದನ್ನು ಕಾಗದದಲ್ಲಿ ಸುತ್ತಿಟ್ಟು, ಕೈ ಒರೆಸಿಕೊಂಡಳು.

"ನೀವು ಬೆಳಿಗ್ಗೆ ಒಂದು ಮಾತು ಕೇಳಿದ್ರಿ" ಎಂದಳು ದೊಡ್ಡಮ್ಮ. ಈ ಸಲ ಅವಳು ಕೂರಲಿಲ್ಲ. "ಇನ್ನೊಂದ್ಸಲ ಕೇಳಿ."

ಮೇಡಂ ಇಬ್ಬರನ್ನೂ ನೋಡಿದಳು. ಇಂಥದ್ದು ಅವಳಿಗೆ ಹೊಸದೇನೂ ಅಲ್ಲ ಎಂದು ಮುಖದಲ್ಲೇ ಕಾಣುತ್ತಿತ್ತು. "ಇವಳಿಗೆ ರಜೆಗೆ ಹೋಗೋಕೆ ಮನೆ ಇದೆಯಾ?"

ದೊಡ್ಡಮ್ಮ ತಡೆದಳು. ಹುಡುಗಿಗೆ ಕಾಣಲಿ ಎಂದು ತಡೆದದ್ದಲ್ಲ. ಬಾಯಲ್ಲಿ ಸಿದ್ಧವಾಗಿ ನಿಂತಿದ್ದದ್ದು ಹಳೆಯ ಉತ್ತರವೇ. ಅದನ್ನು ಪಕ್ಕಕ್ಕೆ ಸರಿಸಲು ಅಷ್ಟು ಹೊತ್ತು ಬೇಕಾಯಿತು.

"ಇದೆ" ಎಂದಳು. "ಮಲಗೋದಕ್ಕೆ ಇವತ್ತಿಗೆ ಜಾಗ ಇಲ್ಲ. ಬೇರೆ ಮಗು ಬರುತ್ತೆ. ರಾತ್ರಿ ಇರೋದಕ್ಕೆ ಇಲಾಖೆ ಒಪ್ಪಬೇಕು, ಒಪ್ಪುತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಮನೆ ಇದೆ."

ಮೇಡಂ ಬೆಳಿಗ್ಗೆ ಗುರುತು ಹಾಕಿದ್ದ ಕಾಗದ ತೆಗೆದಳು. "ನೀವು ಮನೆ ಇದೆ ಅಂದ್ರೆ ನಾನು ಹಾಗೇ ಬರ್ಕೋಬೇಕಾಗುತ್ತೆ. ಆಮೇಲೆ ರೂಮು ಕೊಡೋದು ನನ್ನ ಕೈಲಿರಲ್ಲ. ಸಮಿತಿ ಮುಂದೆ ಇಡ್ತೀನಿ, ಮಲಗೋಕೆ ಜಾಗ ಇಲ್ಲ ಅಂತಲೂ ಹೇಳ್ತೀನಿ. ಕೊಡಬಹುದು. ಕೊಡದೇನೂ ಇರಬಹುದು. ಮೊದಲಿನ ಉತ್ತರಕ್ಕೆ ಆ ಚಿಂತೆ ಇರಲಿಲ್ಲ." ಕೊರಳಿನ ಗೊಂಚಲನ್ನು ಹಿಡಿದು ನಿಲ್ಲಿಸಿಕೊಂಡಳು. "ಬೆಳಿಗ್ಗೆಯದೇ ಇರಲಿ ಅಂದ್ರೂ ನಾನೇನೂ ಅಂದ್ಕೊಳ್ಳಲ್ಲ."

ದೊಡ್ಡಮ್ಮ ಹುಡುಗಿಯ ಕಡೆ ತಿರುಗಿದಳು. "ರೂಮು ನಿನ್ನದು. ನೀನು ಹೇಳು."

ಹುಡುಗಿಯ ಕಣ್ಣು ಗೋಡೆಯ ನಕ್ಷೆಯ ಮೇಲಿತ್ತು. ಅಳುತ್ತಿರಲಿಲ್ಲ. ಅವಳು ಅಳುವವಳಲ್ಲ; ಸಿಟ್ಟು ಬಂದರೆ ಮೂಗಿನ ತುದಿ ಕೆಂಪಾಗುತ್ತದೆ ಅಷ್ಟೆ. ಅದು ಕೆಂಪಾಗಿತ್ತು.

"ಸಮಿತಿ ಕೊಡದಿದ್ರೆ ಮೊದಲನೇ ರಜೇಲಿ ನಾನು ಎಲ್ಲಿಗೆ ಹೋಗಲಿ?"

"ಮನೆಗೆ. ಇಲಾಖೆ ಒಪ್ಪದಿದ್ರೆ ರಾತ್ರಿ ಇಸ್ತ್ರಿ ಅಂಗಡಿಯವನ ಮಗಳ ಜೊತೆ ಮಲಗು, ಬೆಳಗಾದ್ರೆ ಮೇಲೆ ಬಾ. ನಾನು ಮಾತಾಡ್ತೀನಿ."

"ಅವಳು ನಿದ್ದೇಲಿ ಒದೀತಾಳೆ."

"ನೀನೂ ಒದಿ."

ಮೇಡಂ ಬೇರೆ ಕಡೆ ನೋಡಿದಳು.

"ಇದೆ ಅಂತಲೇ ಬರ್ಕೊಳ್ಳಿ" ಎಂದಳು ಹುಡುಗಿ. ಆಮೇಲೆ, ಅಷ್ಟು ಹೊತ್ತು ಇನ್ನೇನೂ ನಡೆದೇ ಇಲ್ಲವೆಂಬಂತೆ, "ಭೂವಿಜ್ಞಾನದ ಕಟ್ಟಡ ಇದರಲ್ಲಿ ಯಾವುದು?" ಎಂದಳು.

ಮೇಡಂ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದಳು. ಹುಡುಗಿ ಹೊರಟೇಹೋದಳು. ಹೋಗಿ ಬರುತ್ತೇನೆ ಎಂದೂ ಹೇಳಲಿಲ್ಲ. ಕಾರಿಡಾರಿನಲ್ಲಿ ಅವಳ ನಡಿಗೆ ಮೊದಲು ನಡಿಗೆಯಾಗಿದ್ದು ಆಮೇಲೆ ಓಟವಾದದ್ದು ಒಳಗೆ ಕೇಳಿಸಿತು.

ದೊಡ್ಡಮ್ಮ ಹೊರಗೆ ಬಂದು ಕಾರಿಡಾರಿನ ಬೆಂಚಿನ ಮೇಲೆ ಕೂತಳು. ಮೊಣಕಾಲು ನೋಯುತ್ತಿತ್ತು. ಕೈಚೀಲದಿಂದ ಫೋನು ತೆಗೆದು ಇಲಾಖೆಯ ಮೇಡಂಗೆ ಹಚ್ಚಿದಳು. ಎರಡು ಸಲ ಕಟ್ಟಾಗಿ ಮೂರನೆಯ ಸಲ ಸಿಕ್ಕಿತು.

"ಹೇಳಿ ದೊಡ್ಡಮ್ಮ, ಮಗು ವಿಷಯಾನಾ? ಮುಂದಿನ ವಾರವೇ ಕರ್ಕೊಂಡು ಬರ್ತೀವಿ."

"ಕರ್ಕೊಂಡು ಬನ್ನಿ. ಅದಕ್ಕೆ ಮೊದಲು ಒಂದು ಮಾತು. ನಮ್ಮ ಹುಡುಗಿ ರಜೆಗೆ ಬರ್ತಾಳೆ. ರಾತ್ರಿ ಮನೇಲೇ ಇರ್ತಾಳೆ. ಅದಕ್ಕೆ ನಿಮ್ಮ ಪರಿಶೀಲನೆ ಏನೇನಿದೆಯೋ ಶುರು ಮಾಡಿ."

ಆ ಕಡೆ ಒಂದು ನಿಟ್ಟುಸಿರು. "ನಿಮಗೆ ಗೊತ್ತಿಲ್ಲದ್ದು ಏನಿದೆ? ನೀವೇ ಇಷ್ಟು ವರ್ಷದಲ್ಲಿ ಯಾರಿಗೋಸ್ಕರಾನೂ ಹೀಗೆ ಕೇಳಿದವರಲ್ಲ. ಇದು ಎಳೆಯುತ್ತೆ. ಅದು ಮುಗಿಯೋವರೆಗೆ ಮಗುನ ನಿಮ್ಮಲ್ಲಿಗೆ ಕಳಿಸಬಾರದು ಅಂತ ಮೇಲಿನವರು ಅಂದ್ರೆ? ಬೇರೆ ಮನೆ ಹುಡುಕಿ ಅಂದ್ರೆ?"

ಆ ಮಗುವಿನ ಮುಖ ದೊಡ್ಡಮ್ಮ ನೋಡಿರಲಿಲ್ಲ. ಅಜ್ಜಿಯ ಸೀರೆಯ ತುಂಡೊಂದನ್ನು ಹಿಡಿದುಕೊಂಡೇ ಮಲಗುತ್ತದೆ ಎಂದು ಮಾತ್ರ ಕೇಳಿದ್ದಳು. ಅದು ಇನ್ನೂ ಕೆಲವು ದಿನ ಆ ತಾತ್ಕಾಲಿಕ ಜಾಗದಲ್ಲೇ ಮಲಗಬೇಕಾಗಬಹುದು. ಬೇರೆ ಯಾರದೋ ಮನೆಗೆ ಹೋದರೂ ಹೋಗಬಹುದು. ಅದನ್ನೂ ಅವಳು ಪೂರ್ತಿ ಯೋಚಿಸಿದಳು, ಅರ್ಧಕ್ಕೆ ಬಿಡಲಿಲ್ಲ.

"ಹಾಗಂದ್ರೆ ನಾನೇ ಬಂದು ಮೇಲಿನವರ ಹತ್ರ ಮಾತಾಡ್ತೀನಿ" ಎಂದಳು. "ಮಗುನೂ ಬೇಕು ನನಗೆ. ಇವಳೂ ಬೇಕು."

ಅಷ್ಟು ಜೋರಾಗಿ ಹೇಳಬೇಕೆಂದಿರಲಿಲ್ಲ. ಎದುರಿನಿಂದ ಬರುತ್ತಿದ್ದ ಗುಡಿಸುವ ಹೆಂಗಸು ನಿಂತು, ಏನೂ ಇಲ್ಲವೆಂದು ತಿಳಿದು, ಪೊರಕೆಯೊಂದಿಗೆ ಮುಂದೆ ಹೋದಳು.

"ಲೈನಲ್ಲೇ ಇರಿ, ಕೇಳಿ ಹೇಳ್ತೀನಿ" ಎಂದಿತು ಫೋನು.

ಫೋನಿನಲ್ಲಿ ಯಾವುದೋ ಸಂಗೀತ ಶುರುವಾಯಿತು, ಕಚೇರಿಗಳು ಕಾಯುವವರಿಗಾಗಿ ಇಟ್ಟಿರುವಂಥದ್ದು. ದೊಡ್ಡಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿಕೊಂಡು ಬೆಂಚಿಗೆ ಒರಗಿ ಕೂತಳು.